ಎಲುಬು ಹೇಳುವ ವಂಶಕಥೆ



ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಹಾಗೆಯೇ, ಎಂದೋ ಅಳಿದುಹೋದ ಹಕ್ಕಿಯೊಂದನ್ನು ಅದರ ಒಂದೇ ಎಲುಬಿನಿಂದ ಗುರುತಿಸಲು ಸಾಧ್ಯವೇ? ಸಾಧ್ಯ ಎಂಬುದನ್ನು 1859ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ತೋರಿಸಿಕೊಟ್ಟರು. ನ್ಯೂಜಿಲೆಂಡಿನಿಂದ ವಾಲ್ಟರ್ ಮ್ಯಾಂಟೆಲ್ ಕಳುಹಿಸಿದ್ದ ಕಾಲಿನ ಎಲುಬೊಂದು ಅವರ ಕೈಸೇರಿತ್ತು. ಅದು ಪೆಂಗ್ವಿನ್ನಿನದೇ ಎಂದು ನಿರ್ಧರಿಸಿದ ಹಕ್ಸ್‌ಲಿ ಆ ಹಕ್ಕಿಗೆ ಪೇಲಿಯುಡಿಪ್ಟಿಸ್ ಎಂದು ಹೆಸರಿಟ್ಟರು. ವಿಜ್ಞಾನಿಗಳು ವಿವರಿಸಿದ ಮೊದಲ ಪಳೆಯುಳಿಕೆ ಪೆಂಗ್ವಿನ್ ಇದು.

ಆ ಎಲುಬಿನಲ್ಲಿ ಅಂಥದೇನಿತ್ತು? ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಮಡಿಚಿದ ಮಂಡಿಯಂತೆ ಕಾಣುವ ಭಾಗ ವಾಸ್ತವವಾಗಿ ಹಿಮ್ಮಡಿಯ ಕೀಲು. ಅದಕ್ಕೂ ಬೆರಳುಗಳಿಗೂ ನಡುವೆ ಒಂದು ಎಲುಬಿದೆ. ಮೂರು ಎಲುಬುಗಳು ಬೆಸೆದು ಒಂದಾದ ರಚನೆ ಅದು. ಕೊಕ್ಕರೆಯಲ್ಲಿ ಅದು ನೀಳವಾದ ಕಡ್ಡಿ. ಪೆಂಗ್ವಿನ್ನಿನಲ್ಲಾದರೋ ಗಿಡ್ಡ ಮತ್ತು ಅಗಲ. ಬೆಸುಗೆಯೂ ಪೂರ್ಣವಾಗಿಲ್ಲ, ನಡುವೆ ತೋಡುಗಳೂ ರಂಧ್ರಗಳೂ ಕಾಣುತ್ತವೆ. ಬೇರೆ ಯಾವ ಹಕ್ಕಿಯೊಂದಿಗೂ ಇದನ್ನು ಬೆರೆಸಿಕೊಳ್ಳುವಂತಿಲ್ಲ.

ರೆಕ್ಕೆಯ ಎಲುಬೂ ಇಂಥದೇ ಸಾಕ್ಷಿ. ಕೋಳಿಯ ತೋಳಿನ ಎಲುಬನ್ನು ಮುರಿದರೆ ಒಳಗೆ ಟೊಳ್ಳು. ಹಗುರಾಗಿದ್ದರಷ್ಟೇ ಹಾರಾಟ ಸುಲಭ. ಪೆಂಗ್ವಿನ್ನಿನ ತೋಳಿನ ಎಲುಬು ಹಾಗಲ್ಲ. ಅದು ಗಟ್ಟಿ, ಭಾರ ಮತ್ತು ದೋಣಿಯ ಹುಟ್ಟಿನಂತೆ ಚಪ್ಪಟೆ. ನೀರಿನಲ್ಲಿ ಮುಳುಗುವ ಹಕ್ಕಿಗೆ ತೂಕವೇ ಅನುಕೂಲ. ಈ ಎಲುಬಿನ ಗಾತ್ರದಿಂದ ಹಕ್ಕಿಯ ದೇಹತೂಕವನ್ನೂ ಅಂದಾಜು ಮಾಡಬಹುದು. 2023ರಲ್ಲಿ ನ್ಯೂಜಿಲೆಂಡಿನಿಂದಲೇ ವರದಿಯಾದ ಕುಮಿಮಾನು ಫೋರ್ಡೈಸೈ ಎಂಬ ಪ್ರಭೇದದ ತೂಕ ಸುಮಾರು 150 ಕಿಲೋಗ್ರಾಂ ಇದ್ದಿರಬೇಕೆಂದು ಲೆಕ್ಕಹಾಕಿದ್ದು ಹೀಗೆಯೇ.

ಗುರುತಿಸುವುದು ಒಂದು ಕೆಲಸ; ಯಾರಿಗೆ ಯಾರು ಬಂಧು ಎಂದು ಹೇಳುವುದು ಬೇರೆಯೇ ಕೆಲಸ. ಇಲ್ಲಿ ಒಂದು ಅಗುಳು ಸಾಲದು. ಊರಿನವರಿಗೆಲ್ಲ ಎರಡು ಕಣ್ಣುಗಳಿವೆ. ಅಷ್ಟರಿಂದ ಯಾರು ಅಣ್ಣತಮ್ಮಂದಿರು ಎಂದು ಹೇಳಲಾದೀತೇ? ಗರಿಗಳು ಎಲ್ಲ ಹಕ್ಕಿಗಳಿಗೂ ಇವೆ, ಆದ್ದರಿಂದ ಅವು ಹತ್ತಿರದ ನಂಟನ್ನು ತಿಳಿಸಲಾರವು. ಕೆಲವರಲ್ಲಿ ಮಾತ್ರ ಹೊಸದಾಗಿ ಮೂಡಿ, ಅವರ ಸಂತತಿಗೆ ಇಳಿದುಬಂದ ಲಕ್ಷಣಗಳೇ ಮುಖ್ಯ. ವಿಜ್ಞಾನಿಗಳು ಪ್ರತಿಯೊಂದು ಪಳೆಯುಳಿಕೆಯ ಇಂಥ ಹತ್ತಾರು, ನೂರಾರು ಲಕ್ಷಣಗಳನ್ನು ಪಟ್ಟಿಮಾಡುತ್ತಾರೆ. ಅವನ್ನೆಲ್ಲ ಅತಿ ಕಡಿಮೆ ಬದಲಾವಣೆಗಳಿಂದ ವಿವರಿಸಬಲ್ಲ ವಂಶವೃಕ್ಷ ಯಾವುದೆಂದು ಕಂಪ್ಯೂಟರಿನ ನೆರವಿನಿಂದ ಹುಡುಕುತ್ತಾರೆ.

ಇಷ್ಟೊಂದು ಲಕ್ಷಣಗಳೇಕೆ ಎಂದು ನೀವು ಕೇಳಬಹುದು. ಜಪಾನ್ ಮತ್ತು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಪ್ಲೋಟಾಪ್ಟೆರಿಡ್ ಎಂಬ, ಈಗ ಅಳಿದುಹೋಗಿರುವ ಹಕ್ಕಿಗಳ ಎಲುಬುಗಳು ಸಿಕ್ಕಿವೆ. ಅವುಗಳಿಗೂ ಹಾರಲು ಬರುತ್ತಿರಲಿಲ್ಲ. ರೆಕ್ಕೆಯ ಎಲುಬು ಪೆಂಗ್ವಿನ್ನಿನದನ್ನೇ ಹೋಲುತ್ತದೆ. ರೆಕ್ಕೆಯೊಂದನ್ನೇ ನೋಡಿದರೆ ದಾಯಾದಿಗಳೆಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಇತರ ಭಾಗಗಳ ಎಲುಬುಗಳನ್ನೂ ಸೇರಿಸಿ ಪರಿಶೀಲಿಸಿದ ಹೆಚ್ಚಿನ ತಜ್ಞರು ಅವುಗಳನ್ನು ನಮ್ಮ ಕೆರೆಗಳಲ್ಲಿ ಕಾಣುವ ನೀರುಕಾಗೆಗಳ ಬಳಗಕ್ಕೆ ಹತ್ತಿರವಿರಿಸುತ್ತಾರೆ. ಒಂದೇ ಬಗೆಯ ಬದುಕು ಬೇರೆ ಬೇರೆ ವಂಶಗಳಿಗೆ ಒಂದೇ ಬಗೆಯ ಅಂಗವನ್ನು ಕೊಟ್ಟಿತ್ತು. ಹೋಲಿಕೆಯೆಲ್ಲ ರಕ್ತಸಂಬಂಧವಲ್ಲ.

ಹಾಗಾದರೆ ಪೆಂಗ್ವಿನ್ನಿನ ನಿಜವಾದ ನೆಂಟರು ಯಾರು? ಇಂದು ಬದುಕಿರುವ ಹಕ್ಕಿಗಳ ಡಿಎನ್‌ಎ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಸಾಗರಗಳ ಮೇಲೆ ದಿನಗಟ್ಟಲೆ ತೇಲುವ ಆಲ್ಬಟ್ರಾಸ್ ಮತ್ತು ಪೆಟ್ರೆಲ್‌ಗಳೇ ಹತ್ತಿರದ ಬಂಧುಗಳು. ಹಾರಾಟದ ಪ್ರವೀಣನೂ ಹಾರಲಾರದ ಈಜುಗಾರನೂ ಒಂದೇ ಮನೆತನದವರು! ಆದರೆ ಆರು ಕೋಟಿ ವರ್ಷ ಹಳೆಯ ಎಲುಬಿನಲ್ಲಿ ಡಿಎನ್‌ಎ ಉಳಿದಿರುವುದಿಲ್ಲ. ಮನೆ ಪಾಲಾದದ್ದು ಯಾವಾಗ ಎಂಬುದಕ್ಕೆ ಪಳೆಯುಳಿಕೆಯೇ ಸಾಕ್ಷಿ ನುಡಿಯಬೇಕು.

ಆ ಸಾಕ್ಷಿ ದೊರೆತದ್ದು ನ್ಯೂಜಿಲೆಂಡಿನ ವೈಪಾರಾ ನದಿಯ ಬಳಿ. 2006ರಲ್ಲಿ ವಿವರಿಸಲಾದ ಈ ಹಕ್ಕಿಗೆ ವೈಮಾನು ಎಂದು ಹೆಸರು. ಮಾವೋರಿ ಭಾಷೆಯಲ್ಲಿ ಹಾಗೆಂದರೆ ನೀರಹಕ್ಕಿ. ಇದರ ಕಾಲ ಸುಮಾರು 6.1 ಕೋಟಿ ವರ್ಷಗಳ ಹಿಂದೆ. ರೆಕ್ಕೆಯ ಎಲುಬುಗಳು ಇಂದಿನ ಪೆಂಗ್ವಿನ್ನಿನಷ್ಟು ಮಾರ್ಪಟ್ಟಿರಲಿಲ್ಲ. ಆದರೂ ಹಾರಾಟ ಆಗಲೇ ನಿಂತುಹೋಗಿತ್ತು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ ಎಂಬುದನ್ನು ನೆನಪಿಸಿಕೊಳ್ಳಿ. ಅದಾದ 50 ಲಕ್ಷ ವರ್ಷಗಳಲ್ಲೇ ಪೆಂಗ್ವಿನ್ ಈಜುತ್ತಿತ್ತು ಎಂದರೆ, ಆಲ್ಬಟ್ರಾಸ್ ವಂಶದಿಂದ ಅದು ಕವಲೊಡೆದದ್ದು ಅದಕ್ಕೂ ಮೊದಲೇ ಎಂದಾಯಿತು. ಹೀಗೆ ಈ ಎಲುಬುಗಳು ಇಡೀ ಪಕ್ಷಿಕುಲದ ಇತಿಹಾಸಕ್ಕೇ ಒಂದು ಕಾಲದ ಗುರುತನ್ನು ನೆಟ್ಟವು.

ಇನ್ನೊಂದು ಮಾತು. ಪೆಂಗ್ವಿನ್ ಎಂದೊಡನೆ ನಮ್ಮ ಕಣ್ಣಮುಂದೆ ಹಿಮ ನಿಲ್ಲುತ್ತದೆ. ಆದರೆ ಅಂಟಾರ್ಕ್ಟಿಕವನ್ನು ದೊಡ್ಡ ಹಿಮಹೊದಿಕೆ ಆವರಿಸಿದ್ದು ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುಂಚಿನ ಪೆಂಗ್ವಿನ್ ಎಲುಬುಗಳು ಭೂಮಧ್ಯರೇಖೆಗೆ ಹತ್ತಿರದ ಪೆರುವಿನಲ್ಲೂ ಸಿಕ್ಕಿವೆ. ಚಳಿಯು ಪೆಂಗ್ವಿನ್ನನ್ನು ಸೃಷ್ಟಿಸಲಿಲ್ಲ. ಮೊದಲೇ ಸಿದ್ಧವಾಗಿದ್ದ ಈಜುಗಾರ ಆಮೇಲೆ ಚಳಿಗೆ ಒಗ್ಗಿಕೊಂಡಿತು.

ಮಿತ್ರರೇ, ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಹಕ್ಕಿಯ ಅಸ್ಥಿಪಂಜರವಿದ್ದರೆ ಒಮ್ಮೆ ಅದರ ಮುಂದೆ ನಿಲ್ಲಿ. ಪ್ರತಿಯೊಂದು ಎಲುಬಿಗೂ ಎರಡು ಪ್ರಶ್ನೆ ಕೇಳಿ: ಈ ಆಕಾರ ಬಂದದ್ದು ಬದುಕುವ ಬಗೆಯಿಂದಲೋ, ಪೂರ್ವಜರಿಂದಲೋ? ಈ ಎರಡನ್ನು ಬೇರ್ಪಡಿಸಿ ನೋಡಲು ಕಲಿತರೆ ಜೀವವಿಕಾಸದ ಪಾಠ ಅರ್ಧ ಕಲಿತಂತೆ.