ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬಗ್ಗಿಸಿ ನೋಡಬೇಕಾಗಿಲ್ಲ. ಒಂದು ಅಗುಳನ್ನು ಬೆರಳಲ್ಲಿ ಹಿಚುಕಿದರೆ ಸಾಕು. ನಮ್ಮ ಅಡುಗೆಮನೆಗಳ ಈ ಹಳೆಯ ತಿಳಿವಳಿಕೆಯ ಹಿಂದೆ ಒಂದು ನಂಬಿಕೆಯಿದೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಆದ್ದರಿಂದ ಒಂದು ಅಗುಳಿನ ಗತಿಯೇ ಉಳಿದವುಗಳ ಗತಿ. ಆದರೆ ಒಂದೊಂದು ಅಗುಳೂ ಒಂದೊಂದು ಊರಿನಿಂದ ಬಂದಿದ್ದರೆ? ಬೇರೆ ಬೇರೆಯವರು ಬೇರೆ ಬೇರೆ ಒಲೆಯ ಮೇಲೆ ಬೇಯಿಸಿದ್ದನ್ನು ಕೊನೆಯ ಗಳಿಗೆಯಲ್ಲಿ ಒಂದೇ ಪಾತ್ರೆಗೆ ಸುರಿದಿದ್ದರೆ? ಆಗ ಹಿಚುಕಿ ನೋಡುವುದು ಯಾವ ಅಗುಳನ್ನು?

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಇಂಥದೊಂದು ಅಡುಗೆ. ಗುಂಡಿ ಒತ್ತಿದಾಗ ಯಂತ್ರವನ್ನು ಎಚ್ಚರಿಸಿ, ಕೀಲಿಮಣೆ, ಪರದೆ, ಮುದ್ರಕ, ಜಾಲ ಇವೆಲ್ಲವನ್ನೂ ಒಂದು ಶಿಸ್ತಿಗೆ ತರುವ ತಂತ್ರಾಂಶ ಇದು. ಲಿನಕ್ಸ್ ಆಧಾರಿತ ವ್ಯವಸ್ಥೆಯೊಂದನ್ನು ಸಿದ್ಧಪಡಿಸಬೇಕಾದರೆ, ಜಗತ್ತಿನ ನಾನಾ ಮೂಲೆಗಳಲ್ಲಿ ಕುಳಿತು ಪರಸ್ಪರ ಮುಖವನ್ನೇ ನೋಡದವರು ಬರೆದ ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಬೇಕು. ಹಾಗೆ ಒಟ್ಟುಗೂಡಿದ ಇಡೀ ವ್ಯವಸ್ಥೆಯನ್ನು ಒಂದೇ ಕಡತವಾಗಿ ಅಚ್ಚೊತ್ತಿದಾಗ ಅದಕ್ಕೆ 'ಇಮೇಜ್' ಎಂದು ಹೆಸರು. ಈ ಪಡಿಯಚ್ಚಿನಿಂದಲೇ ಲಕ್ಷಾಂತರ ಯಂತ್ರಗಳಿಗೆ ಪ್ರತಿಗಳು ಹೋಗುತ್ತವೆ. ಅಚ್ಚಿನಲ್ಲಿ ಒಂದು ತಪ್ಪಿದ್ದರೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮನೆಯಲ್ಲಿ, ಎಲ್ಲೆಲ್ಲೂ ಅದೇ ತಪ್ಪು.

ಹಾಗಾದರೆ 'ಅಡುಗೆ ಆಗಿದೆ, ಬಡಿಸಬಹುದು' ಎಂದು ಹೇಳುವವರು ಯಾರು? ಯಾವ ಧೈರ್ಯದಿಂದ ಹೇಳುತ್ತಾರೆ? ಈ ಪ್ರಶ್ನೆಗೆ ತಂತ್ರಾಂಶ ಲೋಕ ಮೂರು ನಾಲ್ಕು ದಶಕಗಳಲ್ಲಿ ಕಂಡುಕೊಂಡ ಉತ್ತರ ಒಂದು ಕುತೂಹಲಕರ ಚರಿತ್ರೆ.

ದಿನಕ್ಕೊಂದು ಬಿಲ್ಡ್

ಮನುಷ್ಯ ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸಿ, ಬಿಡಿಭಾಗಗಳನ್ನು ಜೋಡಿಸಿ, ಓಡುವ ರೂಪಕ್ಕೆ ತರುವ ಕೆಲಸಕ್ಕೆ 'ಬಿಲ್ಡ್' ಎನ್ನುತ್ತಾರೆ. ಹಿಂದೆ ಇದು ಕೊನೆಯ ಹಂತದ ಕೆಲಸವಾಗಿತ್ತು. ಒಂದೊಂದು ತಂಡ ತಿಂಗಳುಗಟ್ಟಲೆ ತನ್ನ ಪಾಲನ್ನು ಬರೆದು ಮುಗಿಸುತ್ತಿತ್ತು. ನಂತರ ಎಲ್ಲವನ್ನೂ ಜೋಡಿಸಲು ಹೊರಟಾಗ ಯಾವುದೂ ಯಾವುದಕ್ಕೂ ಹೊಂದುತ್ತಿರಲಿಲ್ಲ. ಬಾಗಿಲು ಒಬ್ಬ ಬಡಗಿಯಿಂದ, ಚೌಕಟ್ಟು ಇನ್ನೊಬ್ಬನಿಂದ ಮಾಡಿಸಿ, ಗೃಹಪ್ರವೇಶದ ಹಿಂದಿನ ದಿನ ಕೂರಿಸಲು ಹೋದಂತೆ.

ಮೈಕ್ರೋಸಾಫ್ಟ್ ಸಂಸ್ಥೆ 1988ರಲ್ಲಿ ಡೇವಿಡ್ ಕಟ್ಲರ್ ಅವರ ನೇತೃತ್ವದಲ್ಲಿ ಆರಂಭಿಸಿ 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿ ಈ ಕ್ರಮವನ್ನು ತಿರುವುಮುರುವು ಮಾಡಿದ ದೊಡ್ಡ ಉದಾಹರಣೆಗಳಲ್ಲೊಂದು. ಜೋಡಣೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಬೇಡ, ದಿನವೂ ಜೋಡಿಸೋಣ ಎಂಬುದು ಅಲ್ಲಿಯ ನಿಯಮ. ಸ್ಟೀವ್ ಮೆಕಾನೆಲ್ 1996ರ ಲೇಖನವೊಂದರಲ್ಲಿ ಕೊಟ್ಟ ಲೆಕ್ಕದಂತೆ ಎನ್‌ಟಿಯಲ್ಲಿ 56 ಲಕ್ಷ ಸಾಲುಗಳು 40,000 ಕಡತಗಳಲ್ಲಿ ಹರಡಿದ್ದವು. ಹಲವು ಯಂತ್ರಗಳು ಸೇರಿ ದುಡಿದರೂ ಒಂದು ಪೂರ್ಣ ಬಿಲ್ಡ್‌ಗೆ 19 ಗಂಟೆಗಳವರೆಗೆ ಹಿಡಿಯುತ್ತಿತ್ತು. ಆದರೂ ದಿನವೂ ಅದು ನಡೆಯಲೇಬೇಕು. ಕಟ್ಟಿದ್ದನ್ನು ಕಟ್ಟಿದವರೇ ತಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಬಳಸಬೇಕು. ತಾನು ಮಾಡಿದ ಅಡುಗೆಯನ್ನು ಮೊದಲು ತಾನೇ ಉಣ್ಣಬೇಕು ಎಂಬ ನ್ಯಾಯ ಇದು.

ಜೊತೆಗೆ ಬಂದದ್ದು 'ಸ್ಮೋಕ್ ಟೆಸ್ಟ್', ಅಂದರೆ ಹೊಗೆಯ ಪರೀಕ್ಷೆ. ವಿದ್ಯುತ್ ಉಪಕರಣ ರಿಪೇರಿ ಮಾಡುವವರು ಸ್ವಿಚ್ ಹಾಕಿ, ಹೊಗೆ ಬಾರದಿದ್ದರೆ ಮುಂದಿನ ಕೆಲಸಕ್ಕೆ ಕೈಹಾಕುತ್ತಾರಲ್ಲ, ಅದೇ ತಂತ್ರಾಂಶಕ್ಕೂ ಬಂತು. ಬಿಲ್ಡ್ ಕೆಡಿಸಿದವನನ್ನು ರಾತ್ರಿ ಮೂರು ಗಂಟೆಯಾದರೂ ಕರೆಸಿ ಸರಿಪಡಿಸುವ ಪದ್ಧತಿಯೂ ಕೆಲವು ತಂಡಗಳಲ್ಲಿತ್ತು. ಇಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಫೋನು ಮೊಳಗಿ, 'ಬಿಲ್ಡ್ ಒಡೆದಿದೆ' ಎನ್ನುತ್ತ ಮಗನೋ ಸೊಸೆಯೋ ತಟ್ಟೆ ಬಿಟ್ಟು ಏಳುವ ದೃಶ್ಯದ ಪೂರ್ವಕಥೆ ಇಲ್ಲಿದೆ.

ಪರದೆ ನೋಡುವ ಯಂತ್ರ

ಆಪರೇಟಿಂಗ್ ಸಿಸ್ಟಂನ ಪಡಿಯಚ್ಚನ್ನು ಪರೀಕ್ಷಿಸುವುದರಲ್ಲಿ ಒಂದು ವಿಶೇಷ ತೊಡಕಿದೆ. ಸಾಮಾನ್ಯ ತಂತ್ರಾಂಶವಾದರೆ ಆಪರೇಟಿಂಗ್ ಸಿಸ್ಟಂ ಎಂಬ ನೆಲದ ಮೇಲೆ ನಿಂತು ಅದನ್ನು ತಟ್ಟಿ ನೋಡಬಹುದು. ನೆಲವನ್ನೇ ಪರೀಕ್ಷಿಸಬೇಕಾದಾಗ ಎಲ್ಲಿ ನಿಲ್ಲುವುದು? ಯಂತ್ರ ಎಚ್ಚರಗೊಳ್ಳುವ ಮೊದಲ ಕ್ಷಣದಿಂದ, ಭಾಷೆ ಆರಿಸು, ಡಿಸ್ಕ್ ವಿಂಗಡಿಸು, ಗುಪ್ತಪದ ಕೊಡು ಎಂಬ ಒಂದೊಂದು ಪರದೆಯನ್ನೂ ದಾಟಿ ಹೋಗಬೇಕು. ಇದನ್ನು ಹಿಂದೆ ಮನುಷ್ಯರೇ ಮಾಡುತ್ತಿದ್ದರು. ಅದೇ ಪರದೆ, ಅದೇ ಪ್ರಶ್ನೆ, ಅದೇ ಉತ್ತರ. ನೂರನೆಯ ಸಲ ಕಣ್ಣು ಸೋಲದೆ ಇರುತ್ತದೆಯೇ?

ಜರ್ಮನಿಯಲ್ಲಿ 1992ರಲ್ಲಿ ಹುಟ್ಟಿದ ಸೂಸೆ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಓಪನ್‌ಸೂಸೆ ಬಳಗ ಇದಕ್ಕೆ ರೂಪಿಸಿಕೊಂಡ ಸಾಧನದ ಹೆಸರು 'ಓಪನ್‌ಕ್ಯೂಎ'. ಇದರ ಉಪಾಯ ಸರಳ. ನಿಜವಾದ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಒಂದು ಹುಸಿ ಕಂಪ್ಯೂಟರನ್ನು ಸೃಷ್ಟಿಸುತ್ತಾರೆ. ಹೊಸ ಪಡಿಯಚ್ಚನ್ನು ಅದರಲ್ಲಿ ಹಾಕಿ ಚಾಲೂ ಮಾಡುತ್ತಾರೆ. ಪರೀಕ್ಷಕ ತಂತ್ರಾಂಶ ಹೊರಗೆ ಕುಳಿತು ಆ ಪರದೆಯನ್ನು ನೋಡುತ್ತದೆ, ಮನುಷ್ಯನಂತೆಯೇ ಕೀಲಿ ಒತ್ತುತ್ತದೆ, ಮೌಸ್ ಆಡಿಸುತ್ತದೆ. ಬಂದ ಪರದೆ ಸರಿಯಾದದ್ದೇ ಎಂದು ತಿಳಿಯಲು ಮೊದಲೇ ಕೊಟ್ಟಿರುವ ಮಾದರಿ ಚಿತ್ರಗಳೊಂದಿಗೆ ಹೋಲಿಸುತ್ತದೆ. ಈ ಮಾದರಿಗಳಿಗೆ ಅಲ್ಲಿ 'ಸೂಜಿ' ಎಂಬ ಅರ್ಥದ ಹೆಸರಿದೆ.

ಇಲ್ಲಿಂದ ಮುಂದಿನದೆಲ್ಲ ಸಂಯೋಜನೆಯ ಕೆಲಸ, ಅಂದರೆ ಯಂತ್ರಕ್ಕೆ ಕಟ್ಟಳೆ ಬರೆದುಕೊಡುವ ಕೆಲಸ. ಪರದೆಯ ಮೂಲೆಯ ಗಡಿಯಾರ ನಿಮಿಷನಿಮಿಷಕ್ಕೂ ಬದಲಾಗುತ್ತದೆ. ಅದನ್ನು ನೋಡಬೇಡ ಎಂದು ಹೇಳಬೇಕು. ಅಕ್ಷರದ ಅಂಚು ಕೂದಲೆಳೆಯಷ್ಟು ಸರಿದರೆ ಗದ್ದಲ ಮಾಡಬಾರದು. ಆದ್ದರಿಂದ ಬೇರೆ ಸೂಚನೆ ಇಲ್ಲದಿದ್ದರೆ ನೂರಕ್ಕೆ 96ರಷ್ಟು ಹೋಲಿಕೆ ಇದ್ದರೆ ಸಾಕೆಂಬ ಏರ್ಪಾಡು. ಒಂದು ಪರದೆಗಾಗಿ ಎಷ್ಟು ಹೊತ್ತು ಕಾಯಬೇಕು? ಹತ್ತು ಸೆಕೆಂಡೇ, ಹತ್ತು ನಿಮಿಷವೇ? ಯಾವ ತಪ್ಪಿಗೆ ಇಡೀ ಬಿಡುಗಡೆಯನ್ನು ತಡೆಯಬೇಕು, ಯಾವುದನ್ನು ಬರೆದಿಟ್ಟುಕೊಂಡು ಮುಂದೆ ಹೋಗಬೇಕು?

ಇವೆಲ್ಲ ಒಂದರ ಹಿಂದೆ ಒಂದು ಕಾಲುವೆಯ ತೂಬುಗಳಂತೆ ನಿಲ್ಲುತ್ತವೆ. ಆದ್ದರಿಂದಲೇ ಇಂಥ ಏರ್ಪಾಡಿಗೆ 'ಪೈಪ್‌ಲೈನ್' ಎಂಬ ಹೆಸರು. ಮೂಲ ಸಾಲುಗಳು ಬರುತ್ತವೆ, ಬೇರೆ ಯಾವ ಸೋಂಕೂ ಇಲ್ಲದ ಶುದ್ಧ ಕೋಣೆಯಲ್ಲಿ ಬಿಲ್ಡ್ ಆಗುತ್ತದೆ, ಪಡಿಯಚ್ಚು ಸಿದ್ಧವಾಗುತ್ತದೆ, ಹುಸಿ ಯಂತ್ರದಲ್ಲಿ ಪರೀಕ್ಷೆ ನಡೆಯುತ್ತದೆ. ಹಸಿರು ದೀಪ ಬಂದರೆ ಮಾತ್ರ ಕೊನೆಯ ತೂಬು ತೆರೆಯುತ್ತದೆ. 2014ರಿಂದ ಓಪನ್‌ಸೂಸೆಯ 'ಟಂಬಲ್‌ವೀಡ್' ಎಂಬ ಸದಾ ಹೊಸದಾಗುವ ಆವೃತ್ತಿ ಈ ನೆಲೆಯ ಮೇಲೆಯೇ ನಡೆದಿದೆ. ಅದರ ಪ್ರತಿಗಳಿಗೆ ಆಯಾ ದಿನಾಂಕವೇ ಹೆಸರು. ಕೆಂಪು ಬಂದ ದಿನದ ಪ್ರತಿ ಹೊರಗೆ ಹೋಗುವುದಿಲ್ಲ.

ಹಸಿರು ದೀಪದ ಮೋಹ

ಆದರೆ ಈ ದೀಪಕ್ಕೂ ತನ್ನದೇ ಆದ ರೋಗವಿದೆ. ಕೆಲವು ಪರೀಕ್ಷೆಗಳು ಒಮ್ಮೆ ಸೋಲುತ್ತವೆ, ಏನೂ ಬದಲಿಸದಿದ್ದರೂ ಇನ್ನೊಮ್ಮೆ ಗೆಲ್ಲುತ್ತವೆ. ಹುಸಿ ಯಂತ್ರ ಸ್ವಲ್ಪ ನಿಧಾನವಾಗಿತ್ತು, ಪರದೆ ಬರುವ ಮೊದಲೇ ಕೀಲಿ ಒತ್ತಿಹೋಯಿತು, ಇಷ್ಟೇ ಕಾರಣ. ಬಿಡುಗಡೆಗೆ ಅವಸರವಾಗಿರುವ ತಂಡ ಮತ್ತೊಮ್ಮೆ ಓಡಿಸುತ್ತದೆ, ಮಗುದೊಮ್ಮೆ ಓಡಿಸುತ್ತದೆ. ಹಸಿರು ಬಂದ ಕೂಡಲೇ ನಿಟ್ಟುಸಿರು. ಹೀಗೆ ಹತ್ತು ಸಲ ಆದ ಮೇಲೆ ಕೆಂಪನ್ನು ಯಾರೂ ನಂಬುವುದಿಲ್ಲ. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ನಿಜವಾದ ತೋಳ ಬಂದ ದಿನವೂ ದೀಪ ಕೆಂಪಾಗಿಯೇ ಇರುತ್ತದೆ, ನೋಡುವವರು ಇರುವುದಿಲ್ಲ. ಆದ್ದರಿಂದ ಅನುಭವಿಗಳು ಅನುಮಾನದ ಪರೀಕ್ಷೆಯನ್ನು ಮರಳಿ ಮರಳಿ ಓಡಿಸುವುದಿಲ್ಲ. ಒಂದೋ ಅದರ ಕಾರಣ ಹುಡುಕಿ ಸರಿಪಡಿಸುತ್ತಾರೆ, ಇಲ್ಲವೇ ಅದನ್ನು ತೆಗೆದು ಬದಿಗಿಡುತ್ತಾರೆ.

ಇದಕ್ಕಿಂತ ಆಳವಾದ ಇನ್ನೊಂದು ಮಿತಿಯನ್ನು 2024ನೆಯ ವರ್ಷ ಎರಡು ಸಲ ತೋರಿಸಿಕೊಟ್ಟಿತು.

ಅರ್ಧ ಸೆಕೆಂಡಿನ ಅನುಮಾನ

ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಎಂಬ ಸಣ್ಣ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 'ಜಿಯಾ ಟಾನ್' ಎಂಬ ಹೆಸರಿಟ್ಟುಕೊಂಡ ವ್ಯಕ್ತಿಯೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ನೆರವಾಗುತ್ತ, ವಿಶ್ವಾಸ ಗಳಿಸಿ, ಕೊನೆಗೆ ಬಿಡುಗಡೆಯ ಅಧಿಕಾರವನ್ನೂ ಪಡೆದರು. 2024ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲು ಅಡಗಿತ್ತು. ದೂರದಿಂದ ಕಂಪ್ಯೂಟರುಗಳೊಳಗೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆಗೆ ಅದು ಕನ್ನ ಕೊರೆಯುತ್ತಿತ್ತು.

ಅದು ಅಡಗಿದ್ದ ಜಾಗ ಗಮನಿಸಬೇಕಾದದ್ದು. ವಿಷ ಇದ್ದದ್ದು ಪರೀಕ್ಷೆಗೆಂದೇ ಇಟ್ಟಿದ್ದ ಮಾದರಿ ಕಡತಗಳಲ್ಲಿ! ಕೆಟ್ಟ ಕಡತ ಕೊಟ್ಟಾಗ ತಂತ್ರಾಂಶ ಹೇಗೆ ವರ್ತಿಸುತ್ತದೆ ಎಂದು ನೋಡಲು ಬೇಕೆಂದೇ ಕೆಡಿಸಿದ ಕಡತಗಳು ಅವು. ಒಳಗೇನಿದೆ ಎಂದು ಯಾರೂ ತೆರೆದು ನೋಡುವುದಿಲ್ಲ. ಆ ವಿಷವನ್ನು ಹೊರತೆಗೆಯುವ ಸಾಲುಗಳು ಎಲ್ಲರೂ ನೋಡುವ ಮೂಲ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆಂದು ಕಟ್ಟಿಕೊಟ್ಟ ಗಂಟಿನಲ್ಲಿ ಮಾತ್ರ ಇದ್ದವು. ಅಷ್ಟೇ ಅಲ್ಲ, ಡೆಬಿಯನ್ ಅಥವಾ ಆರ್‌ಪಿಎಂ ಬಗೆಯ ವಿತರಣೆಗಾಗಿ ಬಿಲ್ಡ್ ನಡೆಯುತ್ತಿದೆಯೇ ಎಂದು ನೋಡಿಕೊಂಡು, ಹೌದಾದರೆ ಮಾತ್ರ ಎಚ್ಚೆತ್ತುಕೊಳ್ಳುತ್ತಿದ್ದವು. ಪಡಿಯಚ್ಚು ತಯಾರಾಗುವ ಕೊಳವೆಯನ್ನೇ ಗುರಿಯಾಗಿಟ್ಟುಕೊಂಡ ದಾಳಿ ಇದು. ಕಾರ್ಯಕ್ರಮವನ್ನು ಕಟ್ಟಿಕೊಡುವ ಸಾಧನವೇ ಮೋಸ ಮಾಡಬಹುದೆಂದು ಯೂನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್, 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲೇ ಎಚ್ಚರಿಸಿದ್ದರು.

ಟಂಬಲ್‌ವೀಡ್‌ನ ಪರೀಕ್ಷೆಗಳು ಏನು ಹೇಳಿದವು? ಹಸಿರು. ಮಾರ್ಚ್ 7ರಿಂದ 28ರವರೆಗೆ ಅದರ ಪ್ರತಿಗಳಲ್ಲಿ ಈ ಆವೃತ್ತಿ ಇತ್ತು. ಯಂತ್ರ ಸುಳ್ಳು ಹೇಳಲಿಲ್ಲ. ಪರದೆಗಳು ಸರಿಯಾಗಿದ್ದವು, ಕಡತಗಳು ಕುಗ್ಗುತ್ತಿದ್ದವು, ಹಿಗ್ಗುತ್ತಿದ್ದವು. ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಬಂತು. ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಅದನ್ನು ಕೇಳಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ವೇಗ ಅಳೆಯುತ್ತಿದ್ದಾಗ ಎಸ್‌ಎಸ್‌ಎಚ್ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಇನ್ನೊಬ್ಬರಾಗಿದ್ದರೆ ಯಂತ್ರ ಹಳೆಯದಾಯಿತು ಎಂದುಕೊಂಡು ಸುಮ್ಮನಾಗುತ್ತಿದ್ದರೇನೋ. ಅವರು ಜಾಡು ಹಿಡಿದು ಹೋದರು, ಮಾರ್ಚ್ 29ರಂದು ಜಗತ್ತಿಗೆ ಸುದ್ದಿ ಮುಟ್ಟಿಸಿದರು. ಸ್ಥಿರ ಆವೃತ್ತಿಗಳಿಗೆ ಹರಡುವ ಮೊದಲೇ ದೊಡ್ಡ ಅನಾಹುತ ತಪ್ಪಿತು.

ಎರಡನೆಯ ಘಟನೆ ಅದೇ ವರ್ಷದ ಜುಲೈ 19ರದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಸಣ್ಣದೊಂದು ಪರಿಷ್ಕರಣೆ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ಹಲವರಿಗೆ ನೆನಪಿರಬಹುದು. ಕಾರಣ ಇಷ್ಟೇ: ಪರಿಷ್ಕರಣೆ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ತಂತ್ರಾಂಶ ಒದಗಿಸುತ್ತಿದ್ದದ್ದು 20. ಪರೀಕ್ಷೆ ನಡೆದಿರಲಿಲ್ಲವೇ? ನಡೆದಿತ್ತು. ಆದರೆ ಆ ಪರೀಕ್ಷೆಗಳಲ್ಲಿ 21ನೆಯ ಅಂಶಕ್ಕೆ 'ಏನಿದ್ದರೂ ನಡೆದೀತು' ಎಂಬ ಗುರುತು ಹಾಕಲಾಗಿತ್ತು. ಹೀಗಾಗಿ ಆ ಜಾಗ ಖಾಲಿ ಇರುವುದು ಗೊತ್ತಾಗಲೇ ಇಲ್ಲ. ಮೊದಲು ನಾಲ್ಕು ಜನರಿಗೆ ಬಡಿಸಿ ನೋಡುವ ಬದಲು ಇಡೀ ಪಂಕ್ತಿಗೆ ಒಮ್ಮೆಲೇ ಬಡಿಸಿದ್ದರಿಂದ ಹಾನಿ ಅಷ್ಟು ದೊಡ್ಡದಾಯಿತು. ಇಂಥ ಪರಿಷ್ಕರಣೆಗಳನ್ನು ಹಂತಹಂತವಾಗಿ ಬಿಡುವ ಕ್ರಮವನ್ನು ಆ ಸಂಸ್ಥೆ ಅನಂತರ ಜಾರಿಗೆ ತಂದಿತು.

ಎರಡು ಒಲೆಗಳ ಸಾಕ್ಷಿ

ಇದಕ್ಕೆಲ್ಲ ಪರಿಹಾರವಾಗಿ ಹಲವು ದಾರಿಗಳು ತೆರೆದಿವೆ. ಡೆಬಿಯನ್ ಬಳಗದಲ್ಲಿ 2013ರಿಂದ ಬಲಗೊಂಡ ಒಂದು ಪ್ರಯತ್ನದ ಗುರಿ, ಒಂದೇ ಮೂಲವನ್ನು ಬೇರೆ ಬೇರೆ ಕಡೆ ಬಿಲ್ಡ್ ಮಾಡಿದಾಗ ಫಲ ಬಿಂದುವಿಸರ್ಗವೂ ವ್ಯತ್ಯಾಸವಿಲ್ಲದಂತೆ ಬರಬೇಕು ಎಂಬುದು. ಹೇಳಿದಷ್ಟು ಸುಲಭವಲ್ಲ ಇದು. ಬಿಲ್ಡ್ ಆದ ದಿನಾಂಕವನ್ನು ಕಡತದೊಳಗೆ ಬರೆದಿಡುವ ಸಣ್ಣ ಅಭ್ಯಾಸವೊಂದೇ ಸಾಕು, ಎರಡು ಫಲಗಳು ಬೇರೆಯಾಗಲು. ಎರಡು ಒಲೆಗಳ ಅನ್ನ ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ ಎಂಬ ಭರವಸೆ. ಆದರೆ ಅಕ್ಕಿಯಲ್ಲೇ ವಿಷವಿದ್ದರೆ ಎರಡು ಪಾತ್ರೆಯೂ ಒಂದೇ ಸಾಕ್ಷಿ ಹೇಳುತ್ತವೆ. ಎಕ್ಸ್‌ಜೆಡ್ ಪ್ರಕರಣ ಅಂಥದು. ಆದ್ದರಿಂದ ಯಾರೋ ಕಟ್ಟಿಕೊಟ್ಟ ಗಂಟನ್ನು ಬಿಟ್ಟು, ಎಲ್ಲರ ಕಣ್ಣಿಗೂ ಬೀಳುವ ಮೂಲ ಭಂಡಾರದಿಂದಲೇ ಬಿಲ್ಡ್ ಆರಂಭಿಸಬೇಕೆಂಬ ಮಾತಿಗೆ ಈಗ ಬಲ ಬಂದಿದೆ.

ಯಂತ್ರ ದಣಿಯುವುದಿಲ್ಲ. ನಿನ್ನೆ ಕೇಳಿದ ಸಾವಿರ ಪ್ರಶ್ನೆಗಳನ್ನು ಇಂದು ಮತ್ತೆ, ಒಂದನ್ನೂ ಬಿಡದೆ ಕೇಳುತ್ತದೆ. ಒಮ್ಮೆ ಕಂಡ ತಪ್ಪು ಮರಳಿ ಬಾರದಂತೆ ಕಾಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಈ ಕಾವಲು ಇಲ್ಲದಿದ್ದರೆ ಇಂದಿನ ಯಾವ ಆಪರೇಟಿಂಗ್ ಸಿಸ್ಟಮ್ಮೂ ನಿಲ್ಲಲಾರದು. ಸಾವಿರದೊಂದನೆಯ ಪ್ರಶ್ನೆ ಮಾತ್ರ ಇನ್ನೂ ಮನುಷ್ಯನ ಪಾಲಿಗೇ ಉಳಿದಿದೆ. ಆ ಒಂದು ಪ್ರಶ್ನೆಗೆ ಬಿಡುವು ಸಿಗಲಿ ಎಂದೇ ಉಳಿದ ಸಾವಿರವನ್ನು ಯಂತ್ರಕ್ಕೆ ಒಪ್ಪಿಸಿರುವುದು. ಎಲ್ಲ ದೀಪಗಳೂ ಹಸಿರಾಗಿದ್ದ ದಿನಗಳಲ್ಲಿ ಅರ್ಧ ಸೆಕೆಂಡು ಎಲ್ಲಿ ಹೋಯಿತು ಎಂದು ಹುಡುಕಿದ ಆ ಎಂಜಿನಿಯರ್ ಮಾಡಿದ್ದೂ ಅದನ್ನೇ.