ಮನೆಯ ವಿದ್ಯುತ್ ಉಪಕರಣಗಳು: ಮೂರನೆಯ ತಂತಿಯ ಕಾವಲು



ವಿದ್ಯುತ್ತಿಗೂ ಕನ್ನಡಿಗರಿಗೂ ಇರುವ ನಂಟು ನೂರು ವರ್ಷಗಳಿಗೂ ಮಿಗಿಲಾದುದು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಲಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದು ಗಣಿಗೂ ಬೀದಿಗೂ ದುಡಿದ ಈ ಶಕ್ತಿ ಇಂದು ಅಡಿಗೆಮನೆ, ಬಚ್ಚಲುಮನೆಗಳನ್ನೂ ಹೊಕ್ಕಿದೆ. ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಿಗೆ ಬಂದ ಕನ್ನಡ ಕುಟುಂಬಗಳಲ್ಲಿ ಅನೇಕವು ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ. ಮನೆ ಹಿಡಿಯುವಾಗ ನೀರು, ಗಾಳಿ, ಬೆಳಕು, ಶಾಲೆಯ ದೂರ ಇವೆಲ್ಲವನ್ನೂ ವಿಚಾರಿಸುವವರು ಗೋಡೆಯೊಳಗಿನ ತಂತಿಗಳನ್ನು ಕುರಿತು ವಿಚಾರಿಸುವುದು ವಿರಳ. ಆದರೆ ಮನೆಮಂದಿಯ ಪ್ರಾಣ ಅನೇಕ ವೇಳೆ ಆ ತಂತಿಗಳಲ್ಲಿ ಒಂದನ್ನು ಅವಲಂಬಿಸಿರುತ್ತದೆ.

ದೆಹಲಿಯ ಬೇಸಗೆಯ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳೋಣ. ಕಿಟಕಿಯಲ್ಲಿ ತಗಡಿನ ಕೂಲರ್ ಓಡುತ್ತಿದೆ. ಅದರ ತಳದಲ್ಲಿ ನೀರು; ನೀರಿನಲ್ಲಿ ಮುಳುಗಿದ ಪುಟ್ಟ ಪಂಪು. ಹಲವು ವರ್ಷಗಳ ಬಳಕೆಯಿಂದ ಪಂಪಿನ ತಂತಿಯ ಹೊದಿಕೆ ಬಿರುಕು ಬಿಟ್ಟಿದೆ. ವಿದ್ಯುತ್ತು ನೀರಿಗೂ ತಗಡಿಗೂ ಸೋರಿದೆ. ಆದರೂ ಕೂಲರ್ ಎಂದಿನಂತೆ ತಂಗಾಳಿ ಬೀಸುತ್ತಲೇ ಇದೆ. ಹೊರನೋಟಕ್ಕೆ ಯಾವ ದೋಷವೂ ಕಾಣುವುದಿಲ್ಲ. ತಾಯಿಗೆ ನೆರವಾಗಲೆಂದು ನೀರು ತುಂಬಿಸಲು ಬಂದ ಬಾಲಕ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ತಗಡಿನ ಮೇಲೆ ಕೈಯಿಡುತ್ತಾನೆ. ಭೂಮಿಯನ್ನು ಸೇರಲು ಹವಣಿಸುತ್ತಿದ್ದ ವಿದ್ಯುತ್ತಿಗೆ ಆ ಕ್ಷಣದಲ್ಲಿ ದಾರಿ ದೊರೆಯುತ್ತದೆ. ಆ ದಾರಿಯೇ ಬಾಲಕನ ದೇಹ.

ದೇಹಕ್ಕೆ ಅಪಾಯ ಉಂಟುಮಾಡಲು ಅತ್ಯಲ್ಪ ವಿದ್ಯುತ್ತು ಸಾಕು. ಸುಮಾರು 1 ಮಿಲಿಆಂಪಿಯರ್ ಹರಿದಾಗ ಜುಮ್ಮೆನ್ನುವ ಅನುಭವವಾಗುತ್ತದೆ. 10 ಮಿಲಿಆಂಪಿಯರನ್ನು ಮೀರಿದಾಗ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಒದಗಬಹುದು. 30 ಮಿಲಿಆಂಪಿಯರನ್ನು ಮೀರಿದ ವಿದ್ಯುತ್ತು ಕೆಲಕಾಲ ಹರಿದರೆ ಉಸಿರಾಟ ನಿಲ್ಲಬಹುದು, ಹೃದಯದ ಬಡಿತದ ಲಯ ತಪ್ಪಬಹುದು. ನಮ್ಮ ಮನೆಗಳಿಗೆ ಬರುವ 230 ವೋಲ್ಟ್ ವಿದ್ಯುತ್ತಿನಲ್ಲಿ ಉರಿಯುವ 60 ವಾಟಿನ ಹಳೆಯ ಬುರುಡೆ ದೀಪವೊಂದೇ ಸುಮಾರು 260 ಮಿಲಿಆಂಪಿಯರನ್ನು ಸೆಳೆಯುತ್ತದೆ ಎಂಬುದನ್ನು ಗಮನಿಸಿದರೆ ಅಪಾಯದ ಪ್ರಮಾಣ ಮನವರಿಕೆಯಾದೀತು.

ಫ್ಯೂಸ್ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಆದರೆ 6 ಆಂಪಿಯರ್‌ಗೆ ಹೊಂದಿಸಿದ ಫ್ಯೂಸ್ ಅಥವಾ ಎಂ.ಸಿ.ಬಿ. ಮನುಷ್ಯನ ದೇಹದ ಮೂಲಕ ಹರಿಯುವ ಒಂದು ಆಂಪಿಯರಿನ ಭಾಗಾಂಶವನ್ನು ಗುರುತಿಸಲಾರದು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಮೂರನೆಯ ತಂತಿ. ಅರ್ಥಿಂಗ್ ಎಂದು ಎಲ್ಲರೂ ಕರೆಯುವ ಭೂಸಂಪರ್ಕದ ತಂತಿಯೇ ಇದು. ಹಸಿರು ಅಥವಾ ಹಸಿರು-ಹಳದಿ ಬಣ್ಣದ ಈ ತಂತಿ ಉಪಕರಣದ ಲೋಹದ ಮೈಯನ್ನು ನೆಲದೊಂದಿಗೆ ಜೋಡಿಸುತ್ತದೆ. ಅದು ಸುಸ್ಥಿತಿಯಲ್ಲಿದ್ದರೆ, ಜೀವತಂತಿ ಲೋಹಕ್ಕೆ ತಗುಲಿದೊಡನೆ ಹೇರಳವಾದ ವಿದ್ಯುತ್ತು ಅದರ ಮೂಲಕ ಹರಿದು, ಆಗ ಫ್ಯೂಸ್ ಕರಗುತ್ತದೆ.

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದಕ್ಕೆ ಕಾರಣವಿದೆ. ಭೂಸಂಪರ್ಕವು ಎಲ್ಲಕ್ಕಿಂತ ಮೊದಲು ಏರ್ಪಡಬೇಕು, ಎಲ್ಲಕ್ಕಿಂತ ಕೊನೆಗೆ ಕಳಚಬೇಕು. ಹಳೆಯ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಆ ಕಡ್ಡಿಯನ್ನು ಮುರಿಯುವುದಾಗಲಿ, ಬರಿಯ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಒತ್ತಿ ಸಿಕ್ಕಿಸುವುದಾಗಲಿ ಕಾವಲುಗಾರನನ್ನೇ ಹೊರಗಟ್ಟಿದಂತೆ. ಕೆಲವು ಮನೆಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಅದರ ಹಿಂದೆ ಮೂರನೆಯ ತಂತಿಯೇ ಇರುವುದಿಲ್ಲ. ಅದನ್ನು ನಲ್ಲಿಯ ಕೊಳವೆಗೆ ಸುತ್ತಿ ಬಿಡುವ ಪದ್ಧತಿಯೂ ಉಂಟು. ಪ್ಲಾಸ್ಟಿಕ್ ಕೊಳವೆಗಳ ಈ ಕಾಲದಲ್ಲಿ ಅದು ನಿರರ್ಥಕ. ಆದುದರಿಂದ ಹೊಸ ಮನೆಗೆ ಹಾಲುಕ್ಕಿಸುವ ಮೊದಲೇ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಭೂಸಂಪರ್ಕವನ್ನು ಪರೀಕ್ಷಿಸಿಕೊಳ್ಳುವುದು ವಿವೇಕ.

ಊರು ಬದಲಾದಂತೆ ಉಪಕರಣ ಬದಲಾಗುತ್ತದೆ. ಎಚ್ಚರಿಕೆಯ ತತ್ತ್ವ ಒಂದೇ. ಕೂಲರಿಗೆ ನೀರು ತುಂಬಿಸುವ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನು ಕಳಚಬೇಕು. ಚಳಿಗಾಲದಲ್ಲಿ ಪುಣೆ, ದೆಹಲಿಗಳಲ್ಲಿ ನೀರು ಕಾಯಿಸುವ ರಾಡನ್ನು ಮೊದಲು ನೀರಿನಲ್ಲಿ ಮುಳುಗಿಸಿ, ಅನಂತರ ಸ್ವಿಚ್ ಹಾಕಬೇಕು. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಮುನ್ನ ಪ್ಲಗ್ಗನ್ನು ತೆಗೆಯಲೇಬೇಕು. ಚೆನ್ನೈಯ ಅಡಿಗೆಮನೆಯಲ್ಲಿ ದೋಸೆಹಿಟ್ಟು ರುಬ್ಬುವಾಗ ಒದ್ದೆಗೈಯಿಂದ ಗ್ರೈಂಡರಿನ ಸ್ವಿಚ್ಚನ್ನು ಮುಟ್ಟಬಾರದು. ಮುಂಬಯಿಯ ಮಳೆಗಾಲದಲ್ಲಿ ಒಸರುವ ಗೋಡೆಯ ಸಾಕೆಟ್ಟನ್ನು ಬಳಸಬಾರದು. ಮನೆಯೊಳಗೆ ನೀರು ನುಗ್ಗುವ ಸೂಚನೆಯಿದ್ದರೆ, ನೆಲ ಒಣಗಿರುವಾಗಲೇ ಮುಖ್ಯ ಸ್ವಿಚ್ಚನ್ನು ಆರಿಸಬೇಕು. 2000 ವಾಟಿನ ಗೀಸರ್ ಸುಮಾರು 9 ಆಂಪಿಯರನ್ನು ಸೆಳೆಯುವುದರಿಂದ ಅದಕ್ಕೆ 16 ಆಂಪಿಯರಿನ ಸಾಕೆಟ್ಟೇ ಬೇಕು. 6 ಆಂಪಿಯರಿನದು ಕಾದು ಕರಗಿ ಬೆಂಕಿಗೆ ಕಾರಣವಾಗಬಹುದು.

ಮೂರನೆಯ ತಂತಿಗೆ ಜೊತೆಯಾಗಿ ಇನ್ನೊಂದು ರಕ್ಷಣೆ ಇಂದು ಲಭ್ಯವಿದೆ. ಆರ್.ಸಿ.ಸಿ.ಬಿ. ಎಂಬ ಸಾಧನವು ಹೋದ ವಿದ್ಯುತ್ತನ್ನೂ ಮರಳಿದ ವಿದ್ಯುತ್ತನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಎರಡರ ನಡುವೆ 30 ಮಿಲಿಆಂಪಿಯರಿನಷ್ಟು ಸೋರಿಕೆ ಕಂಡೊಡನೆ, ಕಣ್ಣೆವೆಯಿಕ್ಕುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಅದರ ಮೇಲಿರುವ ‘ಟಿ’ ಎಂಬ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಪರೀಕ್ಷಿಸುವುದು ಒಳಿತು. ಇಸ್ತ್ರಿಪೆಟ್ಟಿಗೆ, ಗೀಸರ್, ರಾಡುಗಳನ್ನು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಮುದ್ರೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ನಕ್ಷತ್ರಗಳ ಪಟ್ಟಿ ವಿದ್ಯುತ್ತಿನ ಉಳಿತಾಯವನ್ನು ಸೂಚಿಸುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ.

ಇಷ್ಟಾದರೂ ಅವಘಡ ಸಂಭವಿಸಿದರೆ, ಆಘಾತಕ್ಕೆ ಸಿಲುಕಿದವರನ್ನು ಬರಿಗೈಯಿಂದ ಎಳೆಯಬಾರದು. ರಕ್ಷಿಸಲು ಧಾವಿಸಿದವರೂ ಬಲಿಯಾಗುವುದು ಹೀಗೆಯೇ. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. 112ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಬಲವಾಗಿ ಒತ್ತುತ್ತ, ವೈದ್ಯಕೀಯ ನೆರವು ಬರುವವರೆಗೂ ನಿಲ್ಲಿಸದೆ ಮುಂದುವರಿಸಬೇಕು. ವಿದ್ಯುತ್ತಿನಿಂದ ಹೊತ್ತಿದ ಬೆಂಕಿಗೆ ನೀರೆರಚಲೇಬಾರದು.

ವಿದ್ಯುತ್ತು ಹೇಳಿದ ಕೆಲಸವನ್ನೆಲ್ಲ ಮಾಡುವ ಸೇವಕ. ಆದರೆ ಹಿರಿಯರು ಕಿರಿಯರೆಂಬ ಭೇದವನ್ನು ಅದು ಅರಿಯದು. ಕೂಲರಿನ ಮೇಲೆ ಕೈಯಿಟ್ಟ ಆ ಬಾಲಕನ ಮನೆಯಲ್ಲಿ ಮೂರನೆಯ ತಂತಿ ಇದ್ದಿದ್ದರೆ, ಅವನು ಮುಟ್ಟುವ ಮೊದಲೇ ಫ್ಯೂಸ್ ಕರಗಿ ಕೂಲರ್ ನಿಂತಿರುತ್ತಿತ್ತು. ಕೂಲರ್ ಕೆಟ್ಟಿತೆಂದು ಮನೆಯವರು ಒಂದಿಷ್ಟು ಗೊಣಗುತ್ತಿದ್ದರು, ಅಷ್ಟೇ. ಅಂಥ ಗೊಣಗಾಟ ಪ್ರತಿ ಮನೆಯ ಭಾಗ್ಯವಾಗಲಿ.