ಖಾಲಿ ತೊಟ್ಟಿಲು ತೂಗಬಾರದು



ಹಸುಗೂಸುಗಳ ಸಾಮಾನಿನ ಈ ಮೇಳವನ್ನು ತೊಟ್ಟಿಲು ತೂಗಿಯೇ ಉದ್ಘಾಟಿಸಬೇಕೆಂದು ಸಂಘಟಕರಿಗೆ ಆಸೆ. ಖಾಲಿ ತೊಟ್ಟಿಲು ತೂಗಬಾರದೆಂದು ಮುಂದಿನ ಸಾಲಿನ ಅಜ್ಜಿಯರು ತಕರಾರು ತೆಗೆದರು. ದಾರಿಯನ್ನೂ ಅವರೇ ತೋರಿಸಿದರು: ನಾಮಕರಣದಲ್ಲಿ ಮಾಡುವ ಹಾಗೆ ಮೊದಲು ಗುಂಡುಕಲ್ಲು ಮಲಗಿಸಿ. ಕಲ್ಲು ತರಲು ಒಬ್ಬರು ಓಡಿದ್ದಾರೆ. ಅಲ್ಲಿಯವರೆಗೆ ನಾಲ್ಕು ಮಾತು.

ಈ ತೊಟ್ಟಿಲು ಧಾರವಾಡ ಜಿಲ್ಲೆಯ ಕಲಘಟಗಿಯದು. ಅರಗಿನ ಬಣ್ಣದಲ್ಲಿ ರಾಮಾಯಣದ, ಕೃಷ್ಣಲೀಲೆಯ ಚಿತ್ರ ಬರೆಯುವುದು ಅಲ್ಲಿನ ಕಸುಬು. ಚಿತ್ರ ನೋಡಿ ಹಿಗ್ಗುವವರು ಮಾತ್ರ ದೊಡ್ಡವರು. ಆಗತಾನೇ ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಗೇಣಿನಷ್ಟು ದೂರ, ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು. ಅದಕ್ಕೆ ಬೇಕಿರುವುದು ಗಟ್ಟಿಯಾದ ಸಮತಟ್ಟು ಹಾಸಿಗೆ, ಮಲಗಿಸುವುದು ಅಂಗಾತ. ಸಾಸಿವೆ ದಿಂಬು, ಸಡಿಲ ಕೌದಿ, ಮೆತ್ತನೆಯ ಗೊಂಬೆ ಒಳಗೆ ಬೇಡ, ಉಸಿರು ಕಟ್ಟೀತು ಎನ್ನುತ್ತಾರೆ ಮಕ್ಕಳ ವೈದ್ಯರು. ತೊಟ್ಟಿಲ ಕಂಬಿಗೆ ಕಟ್ಟುವ ಅಂದದ ಮೆತ್ತೆಗಳನ್ನೂ ಓರೆಯಾಗಿ ಮಲಗಿಸುವ ಹಾಸುಗಳನ್ನೂ ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿತು.

ಫಿನ್ಲೆಂಡ್ ಸರ್ಕಾರದ ತೊಟ್ಟಿಲು ರಟ್ಟಿನ ಪೆಟ್ಟಿಗೆ! ಬಡ ತಾಯಂದಿರಿಗೆಂದು 1938ರಲ್ಲಿ ಶುರುವಾದ ಈ ಉಡುಗೊರೆ 1949ರಿಂದ ಎಲ್ಲ ತಾಯಂದಿರಿಗೂ ಸಿಗುತ್ತಿದೆ. ಒಳಗೆ ಬಟ್ಟೆಬರೆ, ತಳಕ್ಕೆ ತೆಳು ಹಾಸಿಗೆ. ಸಾಮಾನು ತೆಗೆದರೆ ಪೆಟ್ಟಿಗೆಯೇ ಮಲಗುವ ಜಾಗ. ಷರತ್ತು ಒಂದೇ: ಬಸಿರಿನ ನಾಲ್ಕು ತಿಂಗಳು ತುಂಬುವುದರೊಳಗೆ ತಪಾಸಣೆಗೆ ಹೋಗಿರಬೇಕು. ಪೆಟ್ಟಿಗೆಯ ಆಸೆಗೆ ಬಂದವಳನ್ನು ವೈದ್ಯರು ನೋಡಿದಂತಾಯಿತು. ಜಾಣ ವ್ಯಾಪಾರ.

ಮಳಿಗೆಗಳಲ್ಲಿ ಹಾಲಿನ ಬಾಟಲಿಯ ಜಾಹೀರಾತು ಕಾಣದಿದ್ದರೆ ಅದು ಸಂಘಟಕರ ಮರೆವಲ್ಲ. ಬಾಟಲಿಗೂ ಶಿಶುಗಳ ಹಾಲಿನ ಪುಡಿಗೂ ಪ್ರಚಾರ ಕೊಡುವುದನ್ನು 1992ರ ಕೇಂದ್ರ ಕಾಯ್ದೆ ತಡೆದಿದೆ. ಬದಲಿಗೆ ಮೂಲೆಯ ಮಳಿಗೆಯಲ್ಲಿ ಒಳಲೆ ಇದೆ. ಬೆಳ್ಳಿಯದು, ಸ್ಟೀಲಿನದು, ಉದ್ದ ಮೂತಿಯ ಪುಟ್ಟ ಬಟ್ಟಲು. ಅಜ್ಜಿಯರ ಕೈಯಲ್ಲಿ ಅದು ಔಷಧಿ ಹೊಯ್ಯುವ ಸಾಧನ. ಎದೆ ಚೀಪಲು ತ್ರಾಣವಿಲ್ಲದ ಕಡಿಮೆ ತೂಕದ ಕೂಸುಗಳಿಗೆ ತಾಯಿ ಹಿಂಡಿ ಕೊಟ್ಟ ಹಾಲನ್ನು ಕುಡಿಸಲು ನಮ್ಮ ದೇಶದ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳೂ ಇದನ್ನೇ ಬಳಸುತ್ತವೆ. ಬಾಟಲಿಯ ನಿಪ್ಪಲ್ಲಿನಲ್ಲಿ ಹಾಲಿನ ಜಿಡ್ಡು ಅಡಗಿ ರೋಗಾಣು ಬೆಳೆಯುತ್ತದೆ. ಒಳಲೆಗೆ ಅಂಥ ಗುಟ್ಟಿನ ಮೂಲೆಗಳಿಲ್ಲ, ತೊಳೆದು ಕುದಿಸಿದರಾಯಿತು. ಮಲಗಿದ ಕೂಸಿನ ಬಾಯಿಗೆ ಗಳಗಳ ಸುರಿಯಬಾರದು, ಅಷ್ಟೇ. ತಲೆ ಎತ್ತಿ ಹಿಡಿದು, ತುಟಿಯಂಚಿಗೆ ತಾಗಿಸಿ, ನುಂಗಿದ್ದನ್ನು ನೋಡಿ ಮತ್ತೆ ಹನಿಸಬೇಕು.

ಪಕ್ಕದಲ್ಲೇ ಲಂಗೋಟಿಗಳ ರಾಶಿ. ಹಳೆಯ ಹತ್ತಿ ಸೀರೆ, ಪಂಚೆ ಹರಿದು ಹೊಲಿದವು. ಬೆಲೆಯಲ್ಲಿ ಕೊನೆಯ ಸಾಮಾನು, ಉಪಯೋಗದಲ್ಲಿ ಬಹುಶಃ ಮೊದಲನೆಯದು. ಹುಟ್ಟಿದ ಐದಾರು ದಿನದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಿದರೆ ಹಾಲು ಸಾಲುತ್ತಿದೆ ಎಂಬುದಕ್ಕೆ ಒಳ್ಳೆಯ ಗುರುತು. ಹಾಲು ಸಾಲದೇನೋ ಎಂದು ಕಂಗಾಲಾದ ಬಾಣಂತಿಗೆ ಇಷ್ಟು ಸುಲಭದ ಲೆಕ್ಕ ಇನ್ನೊಂದಿಲ್ಲ. ದುಬಾರಿ ಡೈಪರ್ ಒದ್ದೆಯನ್ನು ಹೀರಿ ಮುಚ್ಚಿಡುವುದರಿಂದ ಈ ಲೆಕ್ಕ ತಪ್ಪಿಸುತ್ತದೆ. ಆದರೂ ರಾತ್ರಿ ನಿದ್ದೆಗೆಟ್ಟ ಅಪ್ಪ ಅಮ್ಮ ಎರಡು ಡೈಪರ್ ಕೊಂಡರೆ ಅಜ್ಜಿಯರು ಮುನಿಯಬಾರದು. ಡಿಜಿಟಲ್ ಥರ್ಮಾಮೀಟರ್ ಒಂದಂತೂ ಇರಲಿ: ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯವಲ್ಲ, ಕೂಡಲೇ ಆಸ್ಪತ್ರೆ.

ನಾಮಕರಣಕ್ಕೆ ಉಡುಗೊರೆಯಾಗಿ ಬರುವ ಗಾಲಿಯ ವಾಕರನ್ನು ಕೆನಡಾ 2004ರಲ್ಲೇ ನಿಷೇಧಿಸಿದೆ. ಮೆಟ್ಟಿಲಿನಿಂದ ಉರುಳಿದ ಮಕ್ಕಳು ಅಷ್ಟಿದ್ದರು.

ಹೆಚ್ಚು ಬಾಳುವ ಸಾಮಾನಿಗೆ ಇಲ್ಲಿ ಮಳಿಗೆಯೇ ಇಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಶಾಖದ ಪೆಟ್ಟಿಗೆಗಳು ಸಾಲದಾದಾಗ, ವೈದ್ಯ ಎಡ್ಗರ್ ರೇ ದಿನ ತುಂಬದ ಕೂಸುಗಳನ್ನು ತಾಯಿಯ ಬರಿ ಎದೆಗೆ ಬಟ್ಟೆಯಿಂದ ಕಟ್ಟಿಸಿದರು. ಮೈಗೆ ಮೈ ತಾಗಿ ಕೂಸು ಬೆಚ್ಚಗಾಯಿತು. ಕಾಂಗರೂ ಆರೈಕೆ ಎಂದು ಹೆಸರಾದ ಈ ಕ್ರಮ ಈಗ ನಮ್ಮ ಆಸ್ಪತ್ರೆಗಳಲ್ಲೂ ಇದೆ. ಅಪ್ಪನ ಎದೆಯೂ ಆಗುತ್ತದೆ.

ಅಗೋ, ಗುಂಡುಕಲ್ಲು ಬಂತು. ತಕರಾರು ತೆಗೆದ ಅಜ್ಜಿಯೇ ಮೇಲೆ ಬಂದು ಮಲಗಿಸಲಿ, ಹಗ್ಗವನ್ನೂ ಅವರೇ ಎಳೆಯಲಿ. ದಿಂಬು ಮಾತ್ರ ಇಡುವುದು ಬೇಡ, ಅಜ್ಜಿ.